ಎರಡು ಟೀ, ಮೂರು ಲೋಟ

ಸಾಂಬ್ರಾಣಿ ಹೊಗೆ ಬಾಗಿಲ ಸಂದಿಯಿಂದ ನುಸುಳಿ ಸೀದಾ ನನ್ನ ಕಾಲ ಬಳಿಗೇ ಬರುತ್ತಿದೆ, ನಡುಮನೆಯಲ್ಲಿ ಇಷ್ಟು ಜನ ಕೂತಿದ್ದಾರೆ, ಬೇರೆಯವರ ಕಡೆ ಹೋಗಬಾರದೇ — ಅದರೊಳಗೆ ಟೀ ವಾಸನೆ ಇದೆಯೇ, ಇಲ್ಲ, ಇದ್ದರೂ ಬಾಡಿನ ಸಾರಿನ ಮಸಾಲೆ ಅದನ್ನು ಮುಚ್ಚಿಹಾಕುತ್ತದೆ, ಮುಚ್ಚಲಿ ದೇವರೇ, ಬಾವನ ಮೂಗು ಇವತ್ತೊಂದು ದಿನ ಕಟ್ಟಿಕೊಳ್ಳಲಿ. ಬಾಗಿಲು ಹಾಕಿ ಆಯಿತು. ಇದು ಪಿತೃಪಕ್ಷ, ತೀರಿಹೋದ ಹಿರಿಯರು ಬಂದು ಉಣ್ಣುವ ಹೊತ್ತು, ಯಾರೂ ಒಳಗೆ ಹೋಗಬಾರದು, ಗಟ್ಟಿಯಾಗಿ ಮಾತಾಡಬಾರದು, ಅತ್ತೆ ಎದ್ದು ಬಾಗಿಲು ತಟ್ಟಿ ತೆಗೆಯುವವರೆಗೆ ಹೀಗೇ ಕೂತಿರಬೇಕು. ಒಳಗೆ ಕಳಶ, ಮಾವನಿಗೆ ತಂದ ಹೊಸ ಪಂಚೆ, ಬಾಳೆಲೆಯ ಮೇಲೆ ಮುದ್ದೆ, ಬಾಡು, ಕಜ್ಜಾಯ, ಮಾವ ಸೇದುತ್ತಿದ್ದ ಬೀಡಿ ಬೆಂಕಿಪೊಟ್ಟಣದ ಸಮೇತ, ಬಾವ ಟವೆಲ್ಲಿನಲ್ಲಿ ಸುತ್ತಿ ಕದ್ದುಮುಚ್ಚಿ ತಂದಿಟ್ಟ ಬ್ರಾಂದಿ ಬಾಟಲಿ — ಕದ್ದುಮುಚ್ಚಿಯಂತೆ, ಓಣಿಯ ನಾಯಿಗೂ ಗೊತ್ತು. ಅದರಿಂದ ಆಚೆ, ಮೂಲೆಯಲ್ಲಿ, ರಾಗಿ ಮೂಟೆಗಳ ಹಿಂದೆ ನಾನು ಇಟ್ಟದ್ದು. ಭದ್ರಮ್ಮನಿಗೆ, ಚೆನ್ನಾಜಿಗೆ. ಅವರು ಈ ಮನೆಯವರಲ್ಲ, ನೆಂಟರೂ ಅಲ್ಲ, ನನ್ನ ಗೆಳತಿಯರು ಅಷ್ಟೇ, ಸತ್ತುಹೋದ ನನ್ನ ಇಬ್ಬರು ಗೆಳತಿಯರು. ಕೇಳದೆ ಇಟ್ಟೆನೇ, ಕೇಳಿಯೇ ಇದ್ದೆ, ಮೊದಲು ಇವರನ್ನು ಕೇಳಿದೆ, ಇವರು ಎಂದಿನಂತೆ ಅಣ್ಣನ್ನ ಕೇಳು ಅಂದರು, ಬಾವ ನಂಜಣ್ಣನವರು ಹಲ್ಲುಕಡ್ಡಿ ತೆಗೆಯದೆಯೇ ಅಂದರು, ಅವರವ್ರ ಮನೇಲಿ ಅವರವ್ರು ಎಡೆ ಇಕ್ತಾರೆ ಕಣವ್ವ, ಕಂಡೋರ ಮನೆಯೋರ್ನ ಕರುದ್ರೆ ನಮ್ಮೋರು ಬಾಗ್ಲಲ್ಲೇ ತಿರುಗೋಯ್ತಾರೆ, ಆಮೇಕೆ ವರ್ಷೆಲ್ಲಾ ಮನೆಗೆ ಕೇಡು, ಬುಡು ಆ ಮಾತ. ಬಿಟ್ಟೆ ಅಂದುಕೊಂಡರು. ಚೆನ್ನಾಜಿಗೆ ಎಡೆ ಇಡಲು ಯಾರಿದ್ದಾರೆ, ಮಕ್ಕಳಿಲ್ಲ, ಗಂಡ ಅವಳಿಗಿಂತ ಮೊದಲೇ ಹೋದ. ಭದ್ರಮ್ಮನ ಮನೆಯವರು ಇಡುತ್ತಾರೆ, ಕಜ್ಜಾಯ ಇಡುತ್ತಾರೆ, ಕಜ್ಜಾಯ ಕಂಡರೆ ಅವಳಿಗೆ ಆಗುತ್ತಿರಲಿಲ್ಲ ಅಂತ ಆ ಮನೆಯಲ್ಲಿ ಯಾರಿಗೂ ತಿಳಿಯದು, ಅಷ್ಟು ವರ್ಷ ಬೇಯಿಸಿ ಬಡಿಸಿದಳು, ನಿನಗೇನು ಇಷ್ಟ ಅಂತ ಒಬ್ಬರು ಕೇಳಿದ್ದರೆ ತಾನೆ.

ಅವಳಿಗೆ ಇಷ್ಟ ಹ್ಯಾಂಡ್‌ಪೋಸ್ಟಿನ ಟೀ. ನನಗೂ ಅದೇ, ಚೆನ್ನಾಜಿಗೂ ಅದೇ. ಸರಗೂರು ಸಂತೆಗೆ ಅವರೆಕಾಯಿ, ಬದನೆಕಾಯಿ ಹೊತ್ತು ಹೊರಟರೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಬಸ್ಸು ಬದಲಿಸಬೇಕು, ಬಸ್ಸು ಬರುವ ತನಕ ಚೆಲುವಯ್ಯನ ಹೋಟೆಲಿನ ಬೆಂಚು ನಮ್ಮದು, ಬಂದ ಬಸ್ಸನ್ನೂ ಎಷ್ಟೋ ಸಲ ಬಿಟ್ಟಿದ್ದೇವೆ, ಇದು ರಷ್ಷು ಕಣೆ ಮುಂದಿಂದ್ರಲ್ಲಿ ಓಗಣ ಅನ್ನುವಳು ಚೆನ್ನಾಜಿ, ಒಳಗೆ ನೋಡಿದರೆ ಅರ್ಧ ಬಸ್ಸು ಖಾಲಿ. ಎರಡ್ ಟೀ, ಮೂರ್ ಲೋಟ. ಚೆಲುವಯ್ಯ ಸಿಡುಕುವನು, ಮೂರ್ ಜನ ಬತ್ತೀರಿ ಎರಡ್ ಟೀ ಕೇಳ್ತೀರಿ, ಲೋಟ ತೊಳೆಯೋಕೆ ನಿಮ್ಮಪ್ಪನ ಮನೆ ಆಳಾ ನಾನು, ಚೆನ್ನಾಜಿ ಬಿಡುವಳೇ, ಅಯ್ಯೋ ಕೊಡಣ್ಣೋ, ನಿನ್ ಲೋಟ ತೊಳ್ದಿದ್ದೀಯೋ ಇಲ್ವೋ ಅಂತ ನಮ್ಗೂ ಗೊತ್ತು. ಹಂಚುವುದು ಭದ್ರಮ್ಮನ ಕೆಲಸ. ಬಗ್ಗಿ, ಒಂದು ಕಣ್ಣು ಮುಚ್ಚಿ, ಈ ಲೋಟದಿಂದ ಅದಕ್ಕೆ ಅದರಿಂದ ಇದಕ್ಕೆ, ಮೂರೂ ಸಮ ಆಗುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಕೊನೆಗೆ ಸರಿಸಿ ಕೊಡುವಳು, ನಿಂದು ಇದು, ನಿಂದು ಇದು. ಮನೆಯಲ್ಲಿ ನಾನು ಟೀ ಕುಡಿಯುವುದು ಎಲ್ಲರದೂ ಆದಮೇಲೆ, ತಳದಲ್ಲಿ ಉಳಿದದ್ದು, ನಿಂತುಕೊಂಡು, ಒಂದು ಕೈಯಲ್ಲಿ ಪೊರಕೆ. ಅಲ್ಲಿ ಬೆಂಚಿನ ಮೇಲೆ ಕೂತು, ಕಾಲು ಚಾಚಿ, ನಾಲಗೆ ಸುಡುವಷ್ಟು ಬಿಸಿ, ಎಸ್‌ಟಿಡಿ ಬೂತಿನ ಮುಂದೆ ನಿಂತು ಫೋನಿನಲ್ಲಿ ಕಿರುಚುವವರನ್ನು ನೋಡುತ್ತ, ಇವನು ಹೆಂಡತಿಗೆ ಸುಳ್ಳು ಹೇಳ್ತಾವ್ನೆ ನೋಡೇ, ನಗು ಬಂದು ಟೀ ಮೂಗಿಗೆ ಹತ್ತಿ — ಸುಖ ಅಂದರೆ ಅದೇ ಇತ್ತು ನನಗೆ, ಮದುವೆ, ಮಕ್ಕಳು, ಹೊಸ ಸೀರೆ ಎಲ್ಲ ಸೇರಿಸಿ ಹೇಳುತ್ತಿದ್ದೇನೆ, ಆ ಬೆಂಚೇ. ಬಾಯಿಬಿಟ್ಟು ಹೇಳಿದರೆ ಈ ಮನೆಯಲ್ಲಿ ನಗುತ್ತಾರೆ.

ಯಾರೋ ಕೆಮ್ಮಿದರು, ಇವರೇ, ತಂಬಾಕಿನ ಕೆಮ್ಮು. ಆ ಸೊಪ್ಪೇ ಅಲ್ಲವೇ ಭದ್ರಮ್ಮನಿಗೆ ಮುಳುವಾದದ್ದು, ಸೊಪ್ಪಲ್ಲ, ಸೊಪ್ಪಿನ ನೆಪ. ಮಳೆ ಹಿಡಿದುಕೊಂಡಿತ್ತು, ಹಸಿ ಹೊಗೆಸೊಪ್ಪು ನೀರಾಡುತ್ತಿತ್ತು, ನಾವು ಸಾಲಾಗಿ ಕೂತು ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಕಟ್ಟುತ್ತಿದ್ದೆವು, ಅವಳು ತಲೆ ಸುತ್ತುತ್ತದೆ ಅಂದಳು, ಎದ್ದುಹೋಗಿ ವಾಂತಿ ಮಾಡಿದಳು, ಯಾರು ತಾನೆ ಹೆದರುತ್ತಾರೆ, ಹಸಿ ಸೊಪ್ಪು ಮುಟ್ಟಿದವರಿಗೆಲ್ಲ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಅವಳೇ ಬಾಯಿ ಒರೆಸಿಕೊಂಡು ಬಂದು ಅಂದಳು, ಸೊಪ್ಪು ಅತ್ಕೊಂಡದೆ ಕಣೆ, ವಸಿ ಮಜ್ಜಿಗೆ ಕುಡುದ್ರೆ ಸರಿಯಾಯ್ತದೆ. ಮಜ್ಜಿಗೆ ಕುಡಿದಳು, ಮಲಗಿದಳು. ಮಾರನೆ ದಿನವೂ ಮಜ್ಜಿಗೆ. ಮೈಸೂರಿಗೆ ಹೊರಟ ಜೀಪು ಅರ್ಧ ದಾರಿಯಿಂದ ತಿರುಗಿ ಬಂತು. ತಲೆಯೊಳಗೆ ಏನೋ ಒಡೆದಿತ್ತಂತೆ. ಚೆನ್ನಾಜಿ ಆಮೇಲೆ ತವರಿಗೆ ಹೊರಟುಹೋದಳು, ವೀರನಹೊಸಹಳ್ಳಿಗೆ, ಅಣ್ಣನ ಮನೆಯ ದನ ನೋಡಿಕೊಳ್ಳಲು, ಬತ್ತಾ ಇರ್ತೀನಿ ಕಣೆ, ಹ್ಯಾಂಡ್‌ಪೋಸ್ಟಲ್ಲಿ ಸಿಕ್ತೀನಿ ಅಂದಳು, ಎರಡು ಸಲ ಸಿಕ್ಕಳು ಕೂಡ, ಆಮೇಲೆ ಈ ಬೇಸಿಗೆ ಸಂಜೆಯ ಹೊತ್ತಿಗೆ ಹಸು ಮನೆಗೆ ಬರಲಿಲ್ಲವೆಂದು ಕಾಡಂಚಿಗೆ ಹುಡುಕಿಕೊಂಡು ಹೋದಳಂತೆ, ಬಿದಿರ ಮೆಳೆಯ ಹಿಂದೆ ಆನೆ ನಿಂತಿತ್ತಂತೆ. ನನಗೆ ಹೇಳಿದವನು ಬಸ್ಸಿನ ಕಂಡಕ್ಟರ್, ಟಿಕೆಟ್ ಹರಿಯುತ್ತ, ನಿಮ್ ಜೊತೆಗಾತಿ ತೀರೋದ್ರಂತಲ್ಲಮ್ಮ, ಪೇಪರಲ್ಲೂ ಬಂದದೆ. ಹಸು ತಾನಾಗಿ ಮನೆಗೆ ಬಂದಿತ್ತಂತೆ. ಅಳು ಬರಲಿಲ್ಲ, ಸಿಟ್ಟು ಬಂತು, ಅವಳ ಮೇಲೆ, ಹಸುವಿನ ಮೇಲೆ, ಕಂಡಕ್ಟರನ ಮೇಲೆ. ಅಂದಿನಿಂದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸುವಾಗ ಚೆಲುವಯ್ಯನ ಹೋಟೆಲಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಟೀ ವಾಸ್ನೆ ಬತ್ತಾ ಇಲ್ವಾ. ಬಾವ. ಅಂದೇಬಿಟ್ಟರು. ಎಲ್ಲರೂ ಮೂಗು ಎಳೆದುಕೊಳ್ಳುತ್ತಿದ್ದಾರೆ, ಇವರು ನನ್ನ ಕಡೆ ನೋಡಿದರು, ನೋಡಿ ತೊಲೆಯ ಕಡೆ ನೋಡಿದರು, ನಾನು ಸೆರಗಿನ ಅಂಚು ತಿರುಚುತ್ತಿದ್ದೇನೆ, ಕೈ ಸುಮ್ಮನಿರು. ಅತ್ತೆ ಅಂದರು, ಅಡಿಗೆಮನೇಲಿ ಕಾಯ್ಸಿದ್ದು ಕಣ್ಲಾ, ಸುಮ್ಕಿರು, ಇರೀಕ್ರು ಉಣ್ಣೋ ಒತ್ನಲ್ಲಿ. ಬದುಕಿದೆ. ಕಾಯಿಸಿದ್ದು ನಿಜವೇ, ಎಲ್ಲರೂ ಎಲೆ ತೊಳೆಯುತ್ತಿದ್ದಾಗ, ಪುಡಿ ಜಾಸ್ತಿ, ಸಕ್ಕರೆ ಜಾಸ್ತಿ, ಶುಂಠಿ ಜಜ್ಜಿ ಹಾಕಿ ಚೆಲುವಯ್ಯನ ಟೀಯ ಬಣ್ಣ ಬರುವ ತನಕ ಕುದಿಸಿ, ಗಾಜಿನ ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ, ಮೂಟೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬಾಗಿಲ ಮೇಲೆ ಒಂದು ಕಣ್ಣಿಟ್ಟು ಹೊಯ್ದೆ, ಒಂದು, ಎರಡು, ಸಮ ಮಾಡಿದೆ, ಭದ್ರಮ್ಮನ ಹಾಗೆ ಬಗ್ಗಿ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ, ಮೂರೂ ಸಮ —

ಮೂರೂ. ಯಾಕೆ ಮೂರು. ಸತ್ತವರು ಇಬ್ಬರು. ಇಲ್ಲ, ಎರಡೇ ಇಟ್ಟದ್ದು, ನೆನಪು ಮಾಡಿಕೋ, ಸೆರಗಿನಲ್ಲಿ ಲೋಟಕ್ಕೆ ಲೋಟ ತಾಗಿ ಸದ್ದಾದಾಗ ನಡುವೆ ಬೆರಳು ತೂರಿಸಿದ್ದೆ, ಈ ಕಡೆ ಒಂದು ಬೆರಳು, ಆ ಕಡೆ ಒಂದು, ಎರಡು ಸಂದಿ, ಮೂರು ಲೋಟ. ಅಯ್ಯೋ ನನ್ನ ಕೈಯೇ. ಬದುಕಿರುವವರ ಪಾಲು ಎಡೆಗೆ ಇಡಬಾರದು, ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ, ಬದುಕಿರುವವರ ಹೆಸರನ್ನು ಆ ಹೊತ್ತಿನಲ್ಲಿ ಬಾಯಲ್ಲೂ ತರಬಾರದು, ಪಾಲು ಇಟ್ಟರೆ ಅವರನ್ನೂ ಆ ಸಾಲಿಗೆ ಕೂರಿಸಿದ ಹಾಗೆ, ನಾನು ನನ್ನದೇ ಲೋಟ ಇಟ್ಟು, ತುಂಬಿಸಿ, ಊದುಬತ್ತಿ ಹಚ್ಚಿ, ಬಾಗಿಲು ಹಾಕಿಕೊಂಡು ಬಂದು ಕೂತಿದ್ದೇನೆ. ಈಗ ಒಳಗೆ ಹೋಗುವ ಹಾಗಿಲ್ಲ. ಮಗಳ ಮದುವೆ ಆಗಿಲ್ಲ ಇನ್ನೂ, ಅವಳ ಬಾಣಂತನ ಯಾರು ಮಾಡುತ್ತಾರೆ, ಇವರಿಗೆ ಬಿಸಿನೀರು ಯಾರು ಕೊಡುತ್ತಾರೆ, ಹೋಗಿ ತೆಗೆದುಬಿಡಲೇ, ಬಾವ ಬಾಗಿಲಿಗೇ ಒರಗಿ ಕೂತಿದ್ದಾರೆ. ಭಯದ ಜೊತೆಗೆ ಇನ್ನೊಂದೂ ಇದೆ, ಥೂ, ಹೇಳಬಾರದು, ಆದರೆ ಇದೆ, ಈಗ ಒಳಗೆ ಬೆಂಚಿನ ಮೇಲೆ ಮೂವರೂ ಕೂತಿದ್ದೇವೆ ಅನ್ನಿಸಿ ಹೊಟ್ಟೆಯೊಳಗೆ ಎಲ್ಲೋ ತಣ್ಣಗಾಯಿತು, ನಿಂದು ಇದು ಅಂತ ಭದ್ರಮ್ಮ ಸರಿಸಿಕೊಟ್ಟ ಹಾಗೆ. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಅತ್ತೆ ಎದ್ದರು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಬಾವನನ್ನು ಅತ್ತ ಸರಿ ಅಂತ ಕಾಲಿನಿಂದಲೇ ತಳ್ಳಿ, ಬಾಗಿಲು ತಟ್ಟಿದರು. ಮೊದಲು ಹೋಗುವುದು ಅವರೇ, ದೊಡ್ಡತಾಯಮ್ಮ, ಮನೆಗೆ ಹಿರಿಯಳು. ಒಳಗೆ ಹೋದರು. ಕಳಶದ ಮುಂದೆ ಬಗ್ಗಿರಬೇಕು, ಈಗ ಏಳುತ್ತಾರೆ, ದೀಪ ನೋಡುತ್ತಾರೆ, ಮೂಟೆ, ಮೂಟೆಯ ಕಡೆ ಹೋಗಬೇಡಿ ಅತ್ತೆ. ಒಳಗಿನಿಂದ ಕರೆದರು, ಸಾಕಮ್ಮ, ನೀನೊಬ್ಳೇ ಬಾ. ಎಲ್ಲರ ಕಣ್ಣು ನನ್ನ ಬೆನ್ನಿನ ಮೇಲೆ. ಒಳಗೆ ಹೋದೆ. ಬಾಗ್ಲು ಮುಚ್ಕೊ ಅಂದರು. ಮೂಟೆಗೆ ಕೈಯೂರಿ ನಿಂತಿದ್ದಾರೆ, ಕಣ್ಣು ಕೆಳಗಿದೆ, ಎರಡು ಯಾರ್ಗೆ ಅಂತ ನಂಗೊತ್ತು ಬುಡು, ಬೆಳುಗ್ಗೆ ನಂಜ ಬ್ಯಾಡ ಅಂದಾಗ್ಲೇ ಗೊತ್ತಾಯ್ತು, ಈ ಮೂರ್ನೇದು ಯಾರ್ದು. ಲೋಟದ ಕಡೆ ಕೈ ಚಾಚಿದೆ. ಯಾರ್ದೇ. ನಂದು ಅತ್ತೆ. ಸತ್ತೋಗಿದ್ದೀಯಾ ನೀನು. ಇಲ್ಲ ಅತ್ತೆ. ಸಾಯ್ಬೇಕು ಅಂತಿದ್ದೀಯಾ. ಈ ಮಾತಿಗೆ ಅಳು ಬಂತು, ಚೆನ್ನಾಜಿ ಸತ್ತಾಗ ಬರದ ಅಳು, ತಲೆ ಅಲ್ಲಾಡಿಸಿದೆ, ಇಲ್ಲ, ಇಲ್ಲ ಅತ್ತೆ, ಒಬ್ಬಳೇ ಕುಡಿಯೋಕೆ ಆಯ್ತಾ ಇಲ್ಲ. ಹೊರಗಿನಿಂದ ಬಾವ, ಏನವ್ವ ಅದು ಒಳ್ಗೆ. ಇಲಿ ಕಣ್ಲಾ, ಇರು ಅಂದರು ಅತ್ತೆ, ಬಗ್ಗಿ ಮೂರನೆಯ ಲೋಟ ಎತ್ತಿ ನನ್ನ ಕೈಗೆ ತುರುಕಿದರು, ಕುಡಿ, ನನ್ ಕಣ್ಮುಂದೆ ಕುಡಿ, ಒಂದ್ ತೊಟ್ಟೂ ಉಳೀಬಾರ್ದು. ನಿಂತೇ ಕುಡಿಯಲು ಹೋದೆ, ಕೂತ್ಕೊಂಡ್ ಕುಡಿಯೇ ಅಂದರು. ಕೂತೆ. ಮೂಟೆಗೆ ಒರಗಿ, ಕಾಲು ಚಾಚಿ. ಆರಿಹೋಗಿದೆ, ಮೇಲಿನ ಕೆನೆ ತುಟಿಗೆ ಅಂಟಿತು, ಶುಂಠಿ ಗಂಟಲಲ್ಲಿ ಸಣ್ಣಗೆ ಉರಿಯಿತು, ಸಕ್ಕರೆ ಸರಿಯಾಗಿದೆ, ಚೆಲುವಯ್ಯನದಕ್ಕಿಂತ ಚೆನ್ನಾಗಿದೆ ಕಣ್ರೇ, ಕುಡಿದೆ, ಕುಡಿಯುತ್ತ ಹೋದೆ, ತಳ ಕಂಡಿತು. ಲೋಟವನ್ನು ಇದ್ದಲ್ಲೇ ಕೆಳಗಿಟ್ಟೆ, ಉಳಿದ ಎರಡರ ಪಕ್ಕಕ್ಕೆ. ಅವು ತುಂಬಿವೆ. ಯಾವುದೂ ಇಳಿದಿಲ್ಲ, ಒಂದು ತೊಟ್ಟೂ, ನಾನು ಹೇಗೆ ಹೊಯ್ದೆನೋ ಹಾಗೇ, ಸಮವಾಗಿ, ಕಂಠದವರೆಗೆ, ನನ್ನದು ಖಾಲಿ, ಅವು ತುಂಬಿವೆ, ಎರಡೂ ತುಂಬಿವೆ, ಎರಡೂ —