ಮೂರನೆಯ ಭರಣಿ

ಮೂಡಬಿದಿರೆಯಲ್ಲಿ ಧರ್ಮಪಾಲ ಪಂಡಿತರ ಮದ್ದಿನಂಗಡಿಯಲ್ಲಿ ಬೇರು ಕುಟ್ಟಲಿಕ್ಕೆ ಒಬ್ಬ, ಕಷಾಯ ಕುದಿಸಲಿಕ್ಕೆ ಒಬ್ಬ, ನಾಲಿಗೆಗೆ ಒಬ್ಬ ಎಂದು ಮೂರು ಆಳುಗಳಿದ್ದರು. ನಾಲಿಗೆಯ ಕೆಲಸ ಅಣ್ಣುವಿನದು.

ಕೇಳಿದವರು ನಗುತ್ತಿದ್ದರು. ನಗಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ. ಪಂಡಿತರ ಅಜ್ಜನ ಕಾಲದಿಂದ ಆ ಮನೆಯ ದ್ರಾಕ್ಷಾರಿಷ್ಟಕ್ಕೆ ಹೆಸರು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ, ಏಲಕ್ಕಿ, ಚಕ್ಕೆ ಸೇರಿಸಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಉಮಿಯ ರಾಶಿಯಲ್ಲಿ ಒಂದು ತಿಂಗಳು ಹೂತಿಟ್ಟರೆ ಒಳಗೆ ಅದು ತಾನಾಗಿ ಹುದುಗಿ, ಕುದಿದು, ತಣ್ಣಗಾಗಿ ಮದ್ದಾಗುತ್ತದೆ. ದ್ರಾಕ್ಷಿ ಹುದುಗಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತು. ಪಾನನಿರೋಧದ ಕಾಲ, ಕಳ್ಳಿನ ಗಡಂಗುಗಳೆಲ್ಲ ಮುಚ್ಚಿ ಹದಿಮೂರು ವರ್ಷ ಆಗಿತ್ತು. ಊರಿನ ಅರ್ಧ ಗಂಡಸರಿಗೆ ಸಂಜೆಯಾದರೆ ಹೊಟ್ಟೆಯುಬ್ಬರ ಬರುತ್ತಿತ್ತು, ಅದಕ್ಕೆ ದ್ರಾಕ್ಷಾರಿಷ್ಟವೇ ಆಗಬೇಕಿತ್ತು.

ಪಂಡಿತರು ಜೈನರು. ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟ ವ್ರತಸ್ಥರು. ಮಾಡುವುದು ಹಿರಿಯರಿಂದ ಬಂದ ಕಸುಬು. ನಾಲಿಗೆಗೆ ಮುಟ್ಟಿಸಿದರೆ ವ್ರತಭಂಗ. ಭರಣಿಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳುತ್ತಿದ್ದರು, ಉರಿಯುವ ಬತ್ತಿ ಇಳಿಸಿ ಆರುತ್ತದೋ ಇಲ್ಲವೋ ನೋಡುತ್ತಿದ್ದರು; ಆರದಿದ್ದರೆ ಹುದುಗುವುದು ಮುಗಿಯಿತೆಂದು ಲೆಕ್ಕ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ಅಣ್ಣು, ಹೇಗುಂಟು?" ಎನ್ನುತ್ತಿದ್ದರು. ಅಣ್ಣು ಅರ್ಧ ಚಮಚ ಬಾಯಿಗೆ ಹಾಕಿ, ನಾಲಿಗೆಯ ಬದಿಗಳಿಗೆ ತಾಗಿಸಿ, ಕಣ್ಣು ಮುಚ್ಚಿ, ರೂಪಾಯಿಯ ಹದಿನಾರಾಣೆಗೆ ಇಷ್ಟೆಂದು ಲೆಕ್ಕ ಹಾಕಿ, "ಹತ್ತಾಣೆ" ಎನ್ನುವನು. "ಹನ್ನೊಂದು." "ಇದು ಇನ್ನೂ ಒಂದು ವಾರ ಇರಲಿ." ಪಂಡಿತರು "ಆಯ್ತು" ಎನ್ನುವರು. ಎರಡನೇ ಮಾತಿಲ್ಲ.

ಆ ನಾಲಿಗೆ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಜತ್ತಪ್ಪ ಪೂಜಾರಿ ಕಳ್ಳು ಇಳಿಸುತ್ತಿದ್ದವ. ತೆಂಗಿನ ಗೆರಟೆಯಲ್ಲಿ ಒಂದು ಗುಟುಕು ಕೊಟ್ಟು "ಏತ್ ಆಣೆ ಮಗಾ?" ಎಂದು ತುಳುವಿನಲ್ಲಿ ಆಣೆ ಎಷ್ಟೆಂದು ಕೇಳುವನು. ಹದಿನಾರಾಣೆಯ ಕಳ್ಳು ಒಂದು ಉಂಟು, ಒಂದೇ ಸಲ ಕುಡಿದಿದ್ದೇನೆ, ಎನ್ನುವನು. ಯಾವ ಮರದ್ದು ಎಂದು ಮಾತ್ರ ಹೇಳಲಿಲ್ಲ. ಕಾನೂನು ಬಂತು, ಮರದಿಂದ ಇಳಿದ. ಅಣ್ಣು ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ಎಂಬತ್ತು ಅಡಿ ತಾಳೆಮರದಿಂದ ಒಮ್ಮೆಯೂ ಬೀಳದಿದ್ದ ಜತ್ತಪ್ಪ, ಕಕ್ಕಿಂಜೆಯ ಆಚೆ ಕಾಡಿನಲ್ಲಿ ಮರ ಕಡಿಯುವ ಕೂಪಿನ ಕೆಲಸಕ್ಕೆ ಹೋಗಿ ಚಳಿಜ್ವರ ಹಿಡಿದು ನೆಲದ ಮೇಲೆ ಮಲಗಿ ಸತ್ತ. ಈ ಮಾತು ನೆನಪಾದಾಗಲೆಲ್ಲ ಅಣ್ಣುವಿಗೆ ಯಾರಿಗಾದರೂ ಎರಡು ಬಾರಿಸಬೇಕು ಅನಿಸುತ್ತಿತ್ತು. ಯಾರಿಗೆ ಎಂದು ಗೊತ್ತಾಗುತ್ತಿರಲಿಲ್ಲ.

ಮದುವೆ ಇಲ್ಲ, ಮನೆಯಲ್ಲಿ ಮತ್ತೊಬ್ಬರಿಲ್ಲ. ಭಾನುವಾರ ಅವನಿಗೊಂದು ಅಭ್ಯಾಸ. ಬಂಟ್ವಾಳ, ಬೆಳ್ತಂಗಡಿ, ಎಲ್ಲಿಗೆ ಮದ್ದು ಮುಟ್ಟಿಸಲು ಹೋದರೂ ಅಲ್ಲಿನ ಅಂಗಡಿಗಳ ಅಗ್ಗದ ಅರಿಷ್ಟ ಒಂದೊಂದು ಬಾಟಲಿ ತರುವನು. ಜಗಲಿಯಲ್ಲಿ ಆರು ಗೆರಟೆ ಸಾಲಾಗಿಟ್ಟು ಎರಡೆರಡು ಚಮಚ ಹೊಯ್ಯುವನು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅವಲಕ್ಕಿ ಜಗಿದು ಬಾಯಿ ತೊಳೆದುಕೊಳ್ಳುವನು. ಆಮೇಲೆ ಸುಣ್ಣದ ಗೋಡೆಯ ಮೇಲೆ ಮಸಿಯಲ್ಲಿ ಬರೆಯುವನು. ಸರಕಾರ ನಯಾಪೈಸೆ ತಂದು ನಾಲ್ಕು ವರ್ಷವಾದರೂ ಆ ಗೋಡೆಯಲ್ಲಿ ಆಣೆಯೇ ನಡೆಯುತ್ತಿತ್ತು.

"ಲವಂಗ ಸುರಿದಿದ್ದಾನೆ ಬೇವರ್ಸಿ, ಹಾಳಾದದ್ದನ್ನು ಮುಚ್ಚಲಿಕ್ಕೆ. ನಾಲ್ಕಾಣೆ." "ಇವನ ಬೆಲ್ಲ ಸೀದಿದೆ. ಮೊದಲ ಗುಟುಕಿಗೆ ಒಳ್ಳೆ ಮನುಷ್ಯ, ಆಮೇಲೆ ಸಾಲ ಕೇಳುವವನ ಹಾಗೆ. ಆರು." "ಇದು ಬಡವ, ಆದರೆ ಸುಳ್ಳು ಹೇಳುವುದಿಲ್ಲ. ಒಂಬತ್ತು ಕೊಡುವ."

ಬೇಲಿಯಾಚೆಯಿಂದ ರುಖಿಯಮ್ಮ ಇಣುಕಿ ಕೇಳುವರು: "ಅಣ್ಣು, ಯಾರೊಟ್ಟಿಗೆ ಜಗಳ ನಿಂದು?"

"ಯಾರೂ ಇಲ್ಲ ರುಖಿಯಮ್ಮ."

"ಇಲ್ಲದವರೊಟ್ಟಿಗೆ ಇಷ್ಟು ಜೋರಾಗಿ ಮಾತಾಡಬಾರದು ಮಗಾ."

ಅವನಿಗೆ ಬೇಕಾದದ್ದು ಒಬ್ಬ ಮನುಷ್ಯ. ಎದುರು ಕೂತು ಒಂದು ಗುಟುಕು ಕುಡಿದು "ಇಲ್ಲ ಮಾರಾಯ, ಒಂಬತ್ತು ಜಾಸ್ತಿಯಾಯ್ತು" ಎಂದು ಜಗಳಕ್ಕೆ ಬರುವವ. ರುಖಿಯಮ್ಮನಿಗೆ ಅದು ಹರಾಮು. ಪಂಡಿತರಿಗೆ ವ್ರತ. ತನ್ನವರೇ ಭಜನಾ ಮಂದಿರ ಕಟ್ಟಿ, ಇನ್ನು ಮುಟ್ಟುವುದಿಲ್ಲವೆಂದು ದೇವರೆದುರು ಹೇಳಿಬಂದಿದ್ದರು. ಕುಡಿಯುವವರೋ, ಮೂಗು ಹಿಡಿದು ಗಟಗಟ ಕುಡಿಯುವವರು. ಅವರಿಗೆ ನಾಲಿಗೆ ಎಂದರೆ ದಾರಿಯಲ್ಲಿ ಸಿಗುವ ಸಂಕ ಅಷ್ಟೆ, ದಾಟಿದರಾಯಿತು. ಅಂಥವರಲ್ಲಿ ಮೊದಲನೆಯವ ಸುಬ್ಬಯ್ಯ, ನಿವೃತ್ತ ಕೋರ್ಟು ಅಮೀನ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅಂಗಡಿಗೆ ಬಂದು "ಪಂಡಿತರೇ, ವಾಯು" ಎಂದು ಹೊಟ್ಟೆ ತಟ್ಟಿಕೊಂಡು ಅಳತೆಯ ಗ್ಲಾಸು ಎತ್ತುವವ.

ಆ ವರ್ಷ ಪಂಡಿತರ ಮಗ ಮುನಿರಾಜ ಮಂಗಳೂರಿನ ಕಾಲೇಜು ಮುಗಿಸಿ ಬಂದ. ಜೊತೆಗೆ ಹತ್ತಿ ಸುತ್ತಿದ ಪೆಟ್ಟಿಗೆಯಲ್ಲಿ ಗಾಜಿನ ಒಂದು ಕೊಳವೆ ತಂದ. ಅರಿಷ್ಟದಲ್ಲಿ ಇಳಿಬಿಟ್ಟರೆ ಅದು ತೇಲಿ ಒಂದು ಗೆರೆಗೆ ನಿಲ್ಲುತ್ತದೆ, ಎಷ್ಟು ಹುದುಗಿದೆ ಎಂದು ಹೇಳುತ್ತದೆ. "ಮೀಟರು" ಎನ್ನುತ್ತಿದ್ದ. ಪಂಡಿತರು ಅದನ್ನು ನೋಡಿ "ಚಂದ ಉಂಟು" ಎಂದು ಕಪಾಟಿನಲ್ಲಿಟ್ಟರು.

ಅದೇ ಬೇಸಗೆಯಲ್ಲಿ ಬಂಟ್ವಾಳದಿಂದ ಒಬ್ಬ ದೊಡ್ಡ ವ್ಯಾಪಾರಿ ಬಂದು ಚಾಪೆಯ ಮೇಲೆ ಕೂತು ಒಂದು ಭರಣಿ ಪೂರ್ತಿ ತನಗೇ ಬೇಕು ಎಂದ. "ಅಲ್ಲ ಪಂಡಿತರೇ, ನೀವು ಬಾಯಿಗೆ ಹಾಕುವವರಲ್ಲ. ಒಳ್ಳೆದು ಅಂತ ಗೊತ್ತಾಗುವುದು ಹೇಗೆ?"

ಮುನಿರಾಜ ನಕ್ಕ. "ಅದಕ್ಕೆ ಒಬ್ಬ ಕುಡುಕನನ್ನು ಸಾಕಿದ್ದೇವಲ್ಲ. ಅಗೊ, ಅಲ್ಲಿ."

ವ್ಯಾಪಾರಿ ತಿರುಗಿ ನೋಡಿ ಹೊಟ್ಟೆ ಕುಣಿಸಿ ನಕ್ಕ. ಕಷಾಯದ ಆಳು ನಕ್ಕ. ಪಂಡಿತರು ತಕ್ಕಡಿಯಲ್ಲಿ ಹಿಪ್ಪಲಿ ತೂಗುತ್ತಿದ್ದರು. ಅವರ ತುಟಿಯೂ ಸ್ವಲ್ಪ ಅಲುಗಿತು.

ಅಣ್ಣು ಬಾಟಲಿ ತೊಳೆಯುತ್ತಿದ್ದವ ತೊಳೆಯುತ್ತಲೇ ಇದ್ದ. ಹುಟ್ಟಿ ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ದಿನ ಅವನ ಕಾಲು ತಡವರಿಸಿದ್ದಿಲ್ಲ. ದಿನಕ್ಕೆ ಎರಡು ಚಮಚ ನುಂಗಿದರೆ ಹೆಚ್ಚು, ಉಳಿದದ್ದು ಉಗುಳುವುದೇ. ಮುನಿರಾಜ ಅಂದದ್ದು ಹೋಗಲಿ, ಅವನು ಮೊನ್ನೆ ಬಂದವ. ಆ ತುಟಿ? ಹನ್ನೊಂದು ವರ್ಷ ಅವರ ನಾಲಿಗೆಯಾಗಿ ಕೂತದ್ದಕ್ಕೆ ಆ ತುಟಿ ಅಲುಗಬೇಕಾ?

ಮರುದಿನ ಮಧ್ಯಾಹ್ನ ಮೂರನೆಯ ಭರಣಿಯ ಬಾಯಿ ಬಿಚ್ಚಿದರು. ಅದಕ್ಕೆ ಹಾಕಿದ ಧಾತಕಿ ಹೂ ಅಣ್ಣು ತಾನೇ ಕಕ್ಕಿಂಜೆಯ ಮೇಲಿನ ಗುಡ್ಡದಿಂದ, ಅಪ್ಪ ಸತ್ತ ಕಾಡಿನ ಅಂಚಿನಿಂದ, ಎರಡು ದಿನ ಹೆಕ್ಕಿ ತಂದು ನೆರಳಿನಲ್ಲಿ ಒಣಗಿಸಿದ್ದು. ಬತ್ತಿ ಇಳಿಸಿದರು, ಆರಲಿಲ್ಲ. ಪಂಡಿತರು ಹಿಂದೆ ಸರಿದರು. "ಅಣ್ಣು, ಹೇಗುಂಟು?"

ಅವನು ಚಮಚ ಬಾಯಿಗಿಟ್ಟ.

ಮೊದಲು ಏನೂ ಬರಲಿಲ್ಲ. ಆಮೇಲೆ ದ್ರಾಕ್ಷಿ ಬಂತು, ಬೆಲ್ಲ ಅದರ ಬೆನ್ನಿಗೆ ಬಂದು ತಾನು ಬಂದದ್ದೇ ಗೊತ್ತಾಗದ ಹಾಗೆ ನಿಂತಿತು, ಹೂವಿನ ಒಗರು ಎರಡೂ ಕೆನ್ನೆಯನ್ನು ಮೆಲ್ಲ ಹಿಡಿದುಕೊಂಡಿತು, ಬಿಟ್ಟಿತು. ಬಿಟ್ಟ ಮೇಲೂ ಇತ್ತು. ಎದೆಯೊಳಗೆ ಬೆಳಗಿನ ಬಿಸಿಲು ಬಿದ್ದ ಹಾಗಾಯಿತು. ಒಂದು ತಪ್ಪು ಹುಡುಕಿದ. ಇರಲಿಲ್ಲ.

ಕಣ್ಣು ತೆರೆದಾಗ ಎದುರಿಗೆ ಮುನಿರಾಜನಿದ್ದ, ಕೈಯಲ್ಲಿ ಕೊಳವೆ, ಮುಖದಲ್ಲಿ ನಿನ್ನೆಯ ನಗೆ.

"ಹಾಳಾಗಿದೆ" ಎಂದ ಅಣ್ಣು.

"ಎಂತ?" ಎಂದ ಮುನಿರಾಜ.

"ಹುಳಿ ಹಿಡಿದಿದೆ. ಈಗ ಮೂಗಿಗೆ ಗೊತ್ತಾಗುವುದಿಲ್ಲ. ಎಂಟು ದಿನದಲ್ಲಿ ನಾರುತ್ತದೆ."

ಮುನಿರಾಜ ಕೊಳವೆ ಇಳಿಬಿಟ್ಟ. "ಅಪ್ಪಾ, ಗೆರೆ ಸರಿಯಾಗಿ ಉಂಟು. ಇವನಿಗೆ ಎಂತದೋ ಆಗಿದೆ."

"ಹುಳಿ ಆದದ್ದು ನಿಮ್ಮ ಗಾಜಿಗೆ ಗೊತ್ತಾಗ್ತದಾ?"

"ಇಡೀ ಭರಣಿ ಅಪ್ಪಾ! ನಾಳಿದ್ದು ಬಂಟ್ವಾಳದವರು ಬರ್ತಾರೆ."

ಪಂಡಿತರು ಮಗನನ್ನು ನೋಡಲಿಲ್ಲ. ಭರಣಿಯನ್ನೂ ನೋಡಲಿಲ್ಲ. "ಅಣ್ಣು ಹೇಳಿದ ಮೇಲೆ ಆಯ್ತು. ಹೊರಗೆ ಹೊಯ್ಯಿರಿ" ಎಂದು ಕೈ ತೊಳೆಯಲು ಹೋದರು.

ಅಷ್ಟು ಸುಲಭದಲ್ಲಿ ಮುಗಿಯುತ್ತದೆ ಎಂದು ಅಣ್ಣು ಎಣಿಸಿರಲಿಲ್ಲ. ಜಗಳವಾಗಲಿ, ನೀನು ಖಂಡಿತ ಹೇಳುತ್ತೀಯಾ ಎಂದು ಕೇಳಲಿ, ನಿನ್ನೆಯ ಮಾತಿಗೆ ಸಿಟ್ಟಾ ಎಂದು ಒಮ್ಮೆ ಕೇಳಲಿ ಎಂದು ಕಾದಿದ್ದ. ಕೇಳಲಿಲ್ಲ. ಇಬ್ಬರು ಆಳುಗಳು ಭರಣಿ ಎತ್ತಿ ಹಿತ್ತಿಲ ತೋಡಿಗೆ ವಾಲಿಸಿದರು. ಕೆಂಪು ಕಲ್ಲಿನ ಮೇಲೆ ಅದು ಕಪ್ಪಗೆ ಹರಿಯಿತು. ಕೊನೆಗೆ ತಳದಲ್ಲಿ ಉಳಿದದ್ದನ್ನು ಅಣ್ಣು, ಭರಣಿ ತೊಳೆಯುವ ನೆಪದಲ್ಲಿ, ಒಂದು ಸಣ್ಣ ಶೀಸೆಗೆ ಬಗ್ಗಿಸಿಕೊಂಡ.

ಮನೆಗೆ ಬಂದು ಒಂದೇ ಗೆರಟೆ ಇಟ್ಟ. ಒಂದು ಚಮಚ ಹೊಯ್ದ. ಅದೇ. ಅಂಗಡಿಯಲ್ಲಿ ಸಿಟ್ಟಿನ ಬಾಯಿಗೆ ಸಿಕ್ಕಿದ್ದು ನಿಜವೋ ಭ್ರಮೆಯೋ ಎಂದು ಸಂಶಯವಿತ್ತು, ಈಗ ಅದೂ ಹೋಯಿತು. ಗೋಡೆಯ ಮುಂದೆ ಮಸಿ ಹಿಡಿದು ನಿಂತ. ಅಷ್ಟೂ ವರ್ಷದ ಅಂಕಿಗಳಲ್ಲಿ ಹದಿಮೂರರ ಮೇಲಿನದ್ದು ಒಂದಿರಲಿಲ್ಲ. ಹದಿನಾರು ಎಂದು ಬರೆದ. ಬರೆದು ಸುತ್ತ ನೋಡಿದ. ರುಖಿಯಮ್ಮ ಕೋಳಿ ಗೂಡಿಗೆ ಅಟ್ಟುತ್ತಿದ್ದರು.

"ರುಖಿಯಮ್ಮ, ಹದಿನಾರಾಣೆ ಸಿಕ್ಕಿತು."

"ದೇವರು ಕೊಟ್ಟ. ಜಾಗ್ರತೆ ಕಟ್ಟಿ ಇಡು ಮಗಾ" ಎಂದರು ಅವರು.

ಊರಲ್ಲಿ ಅದನ್ನು ರುಚಿ ಕಂಡವ ಒಬ್ಬನೇ. ಆ ಒಬ್ಬ ಅದನ್ನು ಹಾಳು ಎಂದು ಹೇಳಿಬಂದಿದ್ದ. ಅಪ್ಪ ಯಾವ ಮರದ್ದೆಂದು ಯಾಕೆ ಹೇಳಲಿಲ್ಲವೋ, ಹೇಳುವ ಮೊದಲೇ ಸತ್ತನೋ. ತಾನಂತೂ ಹೇಳದೆ ಇರಲಾರೆ ಅನಿಸಿತು. ಇದು ಬಾಯಲ್ಲಿ ಹೀಗೇ ಉಳಿದರೆ ಕೊಳೆಯುತ್ತದೆ.

ಬೆಳಿಗ್ಗೆ ಅಂಗಡಿಗೆ ಹೋದವ ಅಂಗಿಯ ಕಿಸೆಯಲ್ಲಿ ಶೀಸೆ ಇಟ್ಟುಕೊಂಡೇ ನಿಂತ. "ಪಂಡಿತರೇ, ನಿನ್ನೆ ಹೇಳಿದ್ದು ಸುಳ್ಳು. ಮೂರನೆಯ ಭರಣಿ ಹಾಳಾಗಿರಲಿಲ್ಲ. ಹದಿನಾರಾಣೆ ಇತ್ತು."

ಪಂಡಿತರು ತಕ್ಕಡಿ ಕೆಳಗಿಟ್ಟರು. "ಯಾಕೆ ಹೇಳಿದಿ?"

"ಕುಡುಕ ಅಂದರು. ನೀವು ನಕ್ಕಿರಿ."

"ನಾನು ನಕ್ಕೆನಾ?" ಅವರಿಗೆ ನಿಜಕ್ಕೂ ನೆನಪಿರಲಿಲ್ಲ.

ಮುನಿರಾಜ ಒಳಗಿನಿಂದ ಬಂದ. "ಅಪ್ಪಾ, ನಿನ್ನೆ ಹುಳಿ, ಇವತ್ತು ಹದಿನಾರಾಣೆ. ನಾಳೆ ಮತ್ತೆಂತದೋ. ಯಾವುದನ್ನು ನಂಬುವುದು?"

"ಇಗೊ ಉಂಟು!" ಅಣ್ಣು ಶೀಸೆಯನ್ನು ಮೇಜಿನ ಮೇಲೆ ಕುಟ್ಟಿದ. "ನೋಡಿ. ಒಂದು ಹನಿ. ಯಾರಾದರೂ ನೋಡಿ ಹೇಳಿ!"

ಯಾರು ನೋಡುವುದು? ಪಂಡಿತರು ಶೀಸೆಯನ್ನು ನೋಡಿದರು, ಮೂಸಿದರು, ಕೆಳಗಿಟ್ಟರು. ಮುನಿರಾಜ ಕೈ ಹಿಂದೆ ಕಟ್ಟಿಕೊಂಡ. ಅಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಸುಬ್ಬಯ್ಯ ಮೆಟ್ಟಿಲು ಹತ್ತಿ ಬಂದ.

"ಪಂಡಿತರೇ, ವಾಯು."

"ಒಳ್ಳೆ ಹೊತ್ತಿಗೆ ಬಂದಿರಿ" ಎಂದ ಮುನಿರಾಜ. "ಇದರ ರುಚಿ ನೋಡಿ ಹೇಳಿ."

"ಮೆಲ್ಲ, ಒಂದು ಹನಿ..." ಎಂದು ಅಣ್ಣು ಕೈ ಚಾಚುವುದರೊಳಗೆ ಸುಬ್ಬಯ್ಯ ತಲೆ ಹಿಂದಕ್ಕೆ ಬಾಗಿಸಿ ಶೀಸೆ ಪೂರ್ತಿ ಗಂಟಲಿಗೆ ಸುರಿದುಕೊಂಡ. ಮೀಸೆ ಒರೆಸಿದ. "ಫಸ್ಟ್‌ಕ್ಲಾಸ್!"

ಅಣ್ಣುವಿನ ಕಣ್ಣು ಹೊಳೆಯಿತು. "ಕೇಳಿದಿರಾ?"

"ಮೊನ್ನೆ ಕೊಟ್ಟದ್ದು ಹೇಗಿತ್ತು ಸುಬ್ಬಯ್ಯನವರೇ?" ಪಂಡಿತರು ಕೇಳಿದರು.

"ಅದೂ ಫಸ್ಟ್‌ಕ್ಲಾಸ್."

"ಹೋದ ವರ್ಷ ಒಂದು ಭರಣಿ ಹುಳಿಯಾಗಿ, ನೀವು ಹಾಳು ಮಾಡುವುದು ಯಾಕೆ ಅಂತ ಕೊಂಡುಹೋದಿರಲ್ಲ?"

"ಅದು ಹುಳಿಯಾಗಿತ್ತಾ ಮಾರಾಯ್ರೆ?" ಸುಬ್ಬಯ್ಯ ಬಾಯಿ ತೆರೆದ. "ಹೊಟ್ಟೆಗೆ ಬಹಳ ಒಳ್ಳೆದಿತ್ತು."

ಮುನಿರಾಜ ಗಹಗಹಿಸಿದ. ಈ ಸಲ ಪಂಡಿತರು ನಗಲಿಲ್ಲ. ಅಣ್ಣು ಖಾಲಿ ಶೀಸೆ ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಕೆಂಪು ಉಂಗುರ ಉಳಿದಿತ್ತು, ಅಷ್ಟೆ. ಸುಬ್ಬಯ್ಯನ ಕುತ್ತಿಗೆ ಹಿಡಿಯಲು ಕೈ ಮುಂದೆ ಹೋಗಿತ್ತು. ಮುದುಕ ಅವನನ್ನು ನೋಡಿ ಪ್ರೀತಿಯಿಂದ ತೇಗಿದ. ಕೈ ಇಳಿಯಿತು.

"ಕೆಲಸ ಬಿಡಬೇಕಾ ಪಂಡಿತರೇ?"

"ಯಾಕೆ ಬಿಡುವುದು? ನಾಲ್ಕನೆಯ ಭರಣಿ ಇವತ್ತು ತೆಗೆಯಬೇಕಲ್ಲ" ಎಂದರು ಪಂಡಿತರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಅಣ್ಣುವಿಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಉಮಿ ಸರಿಸಿದರು, ಮಣ್ಣು ಕೆರೆದರು, ಬಟ್ಟೆ ಬಿಚ್ಚಿದರು. ಬತ್ತಿ ಇಳಿಸಿದರು, ಆರಲಿಲ್ಲ. ಪಂಡಿತರು ಒಂದು ಹೆಜ್ಜೆ ಹಿಂದೆ ಸರಿದರು.

"ಅಣ್ಣು, ಹೇಗುಂಟು?"

ಅವನು ಎಂದಿಗಿಂತ ಹೆಚ್ಚು ಹೊತ್ತು ಬಾಯಲ್ಲಿಟ್ಟುಕೊಂಡ. ಏಲಕ್ಕಿ ಸ್ವಲ್ಪ ಮುಂದು, ಒಗರು ಸ್ವಲ್ಪ ಕಡಿಮೆ. ಮನೆಯ ಹೆಸರು ಕೆಡಿಸುವಂಥದ್ದಲ್ಲ. ಒಂದು ಕೂದಲೆಳೆ ಆಚೀಚೆ ಹೇಳಬಾರದೆಂದು ಮತ್ತೊಮ್ಮೆ ನಾಲಿಗೆ ತಿರುವಿದ.

"ಹನ್ನೆರಡಾಣೆ."

"ಆಯ್ತು" ಎಂದರು ಪಂಡಿತರು.

ಅಣ್ಣು ಉಸಿರು ಬಿಟ್ಟ. ಬಾಟಲಿಗಳ ಬುಟ್ಟಿಯ ಕಡೆ ತಿರುಗುವುದರಲ್ಲಿದ್ದ.

"ಮುನಿರಾಜಾ," ಹಿಂದಿನಿಂದ ಪಂಡಿತರ ಸ್ವರ ಬಂತು, ತುಸು ಸಣ್ಣಗೆ, "ಆ ನಿನ್ನ ಕೊಳವೆಯನ್ನೂ ಒಮ್ಮೆ ಇಳಿಸು. ನೋಡುವ."

ಗಾಜು ಅರಿಷ್ಟದಲ್ಲಿ ಮುಳುಗಿ, ಎದ್ದು, ಕುಣಿದು, ನಿಂತಿತು. ತಂದೆ ಮಗ ಇಬ್ಬರೂ ಭರಣಿಯ ಬಾಯಿಗೆ ತಲೆ ತಾಗಿಸಿ ಗೆರೆ ಓದಲು ಬಗ್ಗಿದರು. ಅಣ್ಣು ಒದ್ದೆ ಚಮಚ ಹಿಡಿದು ನಿಂತೇ ಇದ್ದ. ಅದನ್ನು ತೊಳೆದಿಡು ಎಂದು ಯಾರೂ ಹೇಳಲಿಲ್ಲ.