ಏಳನೇ ನಂಬರಿನ ಬಟ್ಟೆ

ಮೂರು ಮಕ್ಕಳನ್ನು ಸಾಕಿದ ಕೈ ನನ್ನದು. ಕೂಸಿನ ಬಟ್ಟೆ ಕೊಳೆಯಾದರೆ ನಿದ್ದೆಗಣ್ಣಲ್ಲೇ ಬಿಚ್ಚಿ ಒಗೆದುಬಿಡುತ್ತದೆ. ಆ ಬೆಳಿಗ್ಗೆ ಆದದ್ದೂ ಅಷ್ಟೇ.

ಮಗಳ ಕೂಸಿಗೆ ಎಂಟು ದಿನ. ಹುಟ್ಟುವಾಗಲೇ ಕರುಳು ಒಂದು ಕಡೆ ಮುಚ್ಚಿಕೊಂಡಿತ್ತು. ಮೂರನೇ ದಿನ ಹೊಟ್ಟೆ ಕೊಯ್ದು, ಆ ತುಂಡು ತೆಗೆದು, ಉಳಿದದ್ದನ್ನು ಹೊಲಿದರು. ಹುಟ್ಟಿದಾಗಿನಿಂದ ಒಂದು ತೊಟ್ಟು ಹಾಲಿಲ್ಲ. ಕೈಗೆ ಚುಚ್ಚಿದ ಡ್ರಿಪ್ಪೇ ಊಟ. ಹಾಲು ಬೇಗ ಶುರು ಮಾಡಿದರೆ ಇಂಥ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆಯೇ ಎಂದು ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದರು. ಮಗಳು ಒಪ್ಪಿ ಸಹಿ ಹಾಕಿದ್ದಳು. ಆಪರೇಷನ್ ಆದಮೇಲೆ ಕೂಸು ಮೊದಲ ಸಲ ಕಕ್ಕ ಮಾಡಿದ್ದನ್ನು ನರ್ಸ್ ನೋಡಿ, ತೂಗಿ, ಗಂಟೆ ಬರೆದರೆ ಅಂದೇ ಹಾಲು. ಅದಕ್ಕೆಂದೇ ನಂಬರ್ ಬರೆದ ಬಟ್ಟೆ ಕೊಟ್ಟಿದ್ದರು. ಬಿಚ್ಚಿದ್ದನ್ನು ಹಾಗೇ ನೀಲಿ ಡಬ್ಬಿಗೆ ಹಾಕಬೇಕು.

ಎಂಟು ಗಂಟೆಗೆ ನರ್ಸ್ ಬಂದಳು.

"ಅಜ್ಜಿ, ಏಳನೇ ನಂಬರ್ ಎಲ್ಲಿ?"

ಅದು ಕಿಟಕಿ ಸರಳಿನ ಮೇಲೆ ನೀರು ತೊಟ್ಟಿಕ್ಕಿಸುತ್ತಿತ್ತು.

"ಒಗೆದ್ರಾ?"

"ಒಗೀದೆ ಮಡಿಚಿ ಪೆಟ್ಟಿಗೇಲಿ ಇಡ್ಲಾ? ಕೂಸು ಕಕ್ಕ ಮಾಡಿದೆ. ಬರ್ಕೊಂಡು ಹಾಲು ಕೊಡು."

"ನಾನು ನೋಡಿಲ್ವಲ್ಲ."

"ನಾನು ನೋಡಿದೀನಲ್ಲ. ನನ್ನ ಕಣ್ಣೇನು ಬಾಡಿಗೆಗೆ ತಂದದ್ದಾ?"

ನನ್ನ ಗಂಟಲು ಕೇಳಿ ಡಾಕ್ಟರಮ್ಮ ಬಂದರು. ನಿನ್ನೆಯ ಕೋಟೇ ಮೈಮೇಲಿತ್ತು. ನನ್ನ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. ಕೂತವರ ಮೇಲೆ ಎಷ್ಟು ಅಂತ ಕೂಗಾಡುವುದು?

"ನೀವು ಸುಳ್ಳು ಹೇಳ್ತಿಲ್ಲ ಬಿಡಿ. ಸಂಶೋಧನೆ ಲೆಕ್ಕಕ್ಕೆ ಇದು ಬರಲ್ಲ. ಆದ್ರೂ ಹಾಲು ಕೊಡೋ ವಿಚಾರ ಯೋಚನೆ ಮಾಡ್ತೀನಿ. ಕಪ್ಪಗಿತ್ತಾ, ಹಸಿರಾಗಿತ್ತಾ?"

"ಯಾವುದಾದ್ರೇನು?"

"ಕಪ್ಪಾದ್ರೆ ಹೊಲಿಗೆ ಕೆಳಗಡೆ ಮೊದಲಿಂದ ಉಳಿದಿದ್ದು. ಹಸಿರಾದ್ರೆ ಮೇಲಿಂದ ಹೊಲಿಗೆ ದಾಟಿ ಬಂದಿದ್ದು. ಕರುಳು ದಾರಿ ಬಿಡೋಕೆ ಮುಂಚೆ ಹಾಲು ಹೋದ್ರೆ ಹೊಟ್ಟೆ ಉಬ್ಬುತ್ತೆ, ಹೊಲಿಗೆ ಬಿಟ್ಕೊಂಡ್ರೂ ಬಿಟ್ಕೊಳ್ಬಹುದು."

ಎದುರು ಕುರ್ಚಿಯಲ್ಲಿ ಮಗಳು. ಎದೆಯ ಹಾಲಿಗೆ ಅಂಗಿ ಒದ್ದೆ. ಹಸಿರು ಅನ್ನು, ಎನ್ನುತ್ತಿತ್ತು ಅವಳ ಕಣ್ಣು.

ನೆನಪು ಮಾಡಿಕೊಂಡೆ. ನಲ್ಲಿಯ ತಣ್ಣೀರು ನೆನಪಾಯಿತು. ಕೈಜಾರಿದ ಸಾಬೂನು, ಬಗ್ಗಿದಾಗ ಹಿಡಿದುಕೊಂಡ ಸೊಂಟ ನೆನಪಾಯಿತು. ಬಣ್ಣ ನೆನಪಾಗಲಿಲ್ಲ.

"ನೋಡ್ಲಿಲ್ಲ," ಎಂದೆ.

ಡಾಕ್ಟರಮ್ಮ ತಲೆಯಾಡಿಸಿ, ಮೊಣಕಾಲಿಗೆ ಕೈಯೂರಿ ಎದ್ದು ಹೋದರು. ಹಾಲು ಬರಲಿಲ್ಲ.

"ಹಸಿರು ಅನ್ನೋಕೆ ನಿಂಗೇನಾಗಿತ್ತಮ್ಮ?"

"ನನ್ನ ಬಾಯಿ ಜೋರು ಕಣೇ. ಅಷ್ಟು ಜೋರಿಲ್ಲ."

ಅವಳು ಗೋಡೆ ಕಡೆ ತಿರುಗಿಕೊಂಡಳು. ಅಂದು ನಾಲ್ಕು ಸಲ ಹಾಲು ಹಿಂಡಿ ಫ್ರಿಜ್ಜಲ್ಲಿಡಲು ಕೊಟ್ಟಳು. ನನ್ನೊಡನೆ ಮಾತಿಲ್ಲ. ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಅದನ್ನು ನೋಡುವಾಗಲೆಲ್ಲ ನನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕೆನಿಸುತ್ತಿತ್ತು.

ಮರುದಿನ ಮಧ್ಯಾಹ್ನ ಕೂಸು ತಿಣುಕಿತು. ಹನ್ನೊಂದನೇ ನಂಬರ್. ಗಂಟು ಸಡಿಲಿಸಿದವಳೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನರ್ಸನ್ನು ಕರೆದೆ.

ಅವಳು ಬಂದು ನೋಡಿದಳು. ತೂಗಿದಳು.

"ಹಸಿರು. ಒಂಬತ್ತು ಗ್ರಾಂ."

ಮಗಳನ್ನು ಅಲುಗಿಸಿ ಎಬ್ಬಿಸಿದೆ. ಮೂಗಿನ ಕೊಳವೆಯಲ್ಲಿ ಅರ್ಧ ಚಮಚೆಯೂ ಇಲ್ಲದಷ್ಟು ಹಾಲು ಇಳಿಯುವುದನ್ನು ಅವಳು ರೆಪ್ಪೆ ಬಡಿಯದೆ ನೋಡಿದಳು.

"ಇನ್ನು ಇದನ್ನ ಒಗೀಬಹುದಾ?" ಎಂದು ನರ್ಸನ್ನು ಕೇಳಿದೆ.

"ಧಾರಾಳವಾಗಿ ಒಗೀರಿ, ಅಜ್ಜಿ."

ಮಗಳು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಕೊಡು ಇಲ್ಲಿ. ನೀನು ಸ್ವಲ್ಪ ಕೂತ್ಕೊ."

ಕೂತೆ.