ಬೋಳು ಕಿಟ್ಲಿ

ಗೋವಾದ ವಾಸ್ಕೋದ ಓಣಿಗಳಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ತಿರುಗುವ ರೋಷನಬಿಗೆ ಒಂದು ಹುಚ್ಚಿತ್ತು: ಹಳೆ ಪಿಂಗಾಣಿ. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದ ಕಪ್ಪು-ಬಶಿ ಯಾರ ಮನೆಯಲ್ಲಿ ಕಂಡರೂ ದೊಡ್ಡ ಡಬರಿಯನ್ನೇ ಇಳಿಸಿಕೊಟ್ಟು ತರುತ್ತಿದ್ದಳು. ಅಚ್ಚೊತ್ತಿದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ಅಚ್ಚಿನ ಗುಲಾಬಿ ಎಲ್ಲಾ ಅವಳಿ-ಜವಳಿ. ಕೈಲೆ ಬರದದ್ದು ಅಕ್ಕ-ತಂಗಿ ಇದ್ದಂಗ. ಹೋಲತಾವ, ಆದ್ರ ಒಂದ ಅಲ್ಲ," ಎಂದು ಗಂಡ ಶಹಾಬುದ್ದೀನನಿಗೆ ಪಾಠ ಹೇಳುತ್ತಿದ್ದಳು. ಬಂದರಿನಲ್ಲಿ ಮೂಟೆ ಹೊತ್ತು ಬಂದ ಅವನು ಸ್ಟೀಲ್ ಲೋಟದಲ್ಲಿ ಚಹಾ ಹೀರುತ್ತ, "ಮಂದಿ ಅಕ್ಕ-ತಂಗ್ಯಾರ ಸುದ್ದಿ ನನಗ ಬ್ಯಾಡ," ಎನ್ನುತ್ತಿದ್ದ.

ಅವಳಲ್ಲಿದ್ದುದರಲ್ಲೆಲ್ಲ ಚೆಲುವಾದದ್ದು ಒಂದು ಮುಚ್ಚಳ. ಬಂಗಾರದ ಅಂಚು, ಕೈಯಿಂದ ಬರೆದ ಮೂರು ಗುಲಾಬಿ. ಅದರ ಚಹಾದ ಕಿಟ್ಲಿ ಎಲ್ಲಿದೆಯೋ ಎಂದು ಹುಡುಕುತ್ತಲೇ ಇದ್ದಳು. ಎರಡು ಸಾವಿರದ ಆರರಲ್ಲಿ ಸಿಕ್ಕಿತು. ಹತ್ತಿರದ ಚಿಖಲಿಯ ಎರ್ಮೆಲಿಂಡಾಬಾಯಿಯ ಕಪಾಟಿನಲ್ಲಿ ಬೋಳುತಲೆಯಲ್ಲಿ ಕೂತಿತ್ತು. ಗಂಡನ ರೈಲ್ವೆ ನೌಕರಿಯಿಂದಾಗಿ ಇಪ್ಪತ್ತು ವರ್ಷ ಹುಬ್ಬಳ್ಳಿಯಲ್ಲಿದ್ದ ಆ ಮುದುಕಿಗೆ ಕನ್ನಡವೂ ಬರುತ್ತಿತ್ತು, ಪಿಂಗಾಣಿಯ ಹುಚ್ಚೂ ಇತ್ತು.

ರೋಷನಬಿ ಮನೆಯಿಂದ ಮುಚ್ಚಳ ತಂದು ಇಟ್ಟರೆ ಟಕ್ಕನೆ ಕೂತಿತು.

"ಮುಚ್ಚಳ ಕೊಟ್ಟು ಹೋಗ," ಎಂದಳು ಬಾಯಿ.

"ಕಿಟ್ಲಿ ಕೊಡ್ರಿ ಬಾಯಾರ."

"ಬೇಕಾದ್ರ ಪಿಯಾನೋ ಒಯ್ಯಿ."

"ಪಿಯಾನೋ ತಲಿ ಮ್ಯಾಲ ಹೊತ್ತು ತಿರಗ್ಲೇನ್ರಿ?"

ಕೊನೆಗೆ ಕಾಡಿ ಬೇಡಿ ರೋಷನಬಿ ಕಿಟ್ಲಿಯನ್ನು ಒಂದು ದಿನದ ಮಟ್ಟಿಗೆ ಮನೆಗೆ ತಂದಳು. ಮುಚ್ಚಳ ಹಾಕಿ ಎದುರಿಗಿಟ್ಟುಕೊಂಡು ಸಂಜೆಯವರೆಗೆ ನೋಡಿದಳು.

ಮರುದಿನ ತಿರುಗಿ ಕೊಡಬೇಕು. ಆದರೆ ಮಂದಿಯ ಪಾತ್ರೆಯನ್ನು ಖಾಲಿ ಕೊಡಬಹುದೇ? ರೊಟ್ಟಿ, ಬೆಲ್ಲ, ತುಪ್ಪ ಕಲಸಿ ಮಲೀದಾ ಮಾಡಿ ತುಂಬಿದಳು. ಬಸ್ಸಿನ ಧೂಳು, ತೆರೆದು ಒಯ್ಯುವಂತಿಲ್ಲ. ಸ್ಟೀಲ್ ತಟ್ಟೆ ಮುಚ್ಚಿದರೆ ಬಂಗಾರದ ಅಂಚು ಕೆರೆದೀತು. ಬೇರೆ ದಾರಿ ಕಾಣದೆ ತನ್ನ ಮುಚ್ಚಳವನ್ನೇ ಹಾಕಿದಳು.

ಬಾಯಿ ಎರಡು ಚಮಚ ತಿಂದು, ಮುಚ್ಚಳ ಹಾಕಿ, ಕಿಟ್ಲಿಯನ್ನು ಎದೆಗವಚಿಕೊಂಡಳು. "ಮುಚ್ಚಿ ಕೊಟ್ಟಿ ಅಂದ್ರ ಮುಚ್ಚಳನೂ ಕೊಟ್ಟಂಗ."

"ಅಯ್ಯ ಬಾಯಾರ, ಕೊಟ್ಟದ್ದು ಮಲೀದಾರಿ!" ರೋಷನಬಿಯ ಕಣ್ಣಲ್ಲಿ ನೀರು ಬಂತು.

ಬಾಯಿಗೆ ನಾಚಿಕೆಯಾಯಿತು. ಮುಚ್ಚಳ ತೆಗೆದು ಕೈ ಚಾಚಿದವಳು ಅರ್ಧಕ್ಕೇ ನಿಂತಳು. ಹುಬ್ಬಳ್ಳಿಯ ಓಣಿ ಅವಳಿಗೂ ರೀತಿ-ರಿವಾಜು ಕಲಿಸಿತ್ತು. "ಖಾಲಿ ಹೆಂಗ ಕೊಡ್ಲಿ?" ಅಂಗೈಯಷ್ಟಗಲದ ಮುಚ್ಚಳ, ಅದರಲ್ಲಿ ಸಕ್ಕರೆ ಹಾಕಿದರೂ ಬಸ್ಸಿನಲ್ಲಿ ಚೆಲ್ಲುತ್ತದೆ. ಗೊಣಗುತ್ತಲೇ ಮಲೀದಾ ಬೇರೆ ಡಬ್ಬಿಗೆ ಸುರಿದು, ಕಿಟ್ಲಿ ತೊಳೆದು, ಪದರು ಪದರಾದ ಬೆಬಿಂಕಾ ಸಿಹಿಯನ್ನು ತುಂಡು ಮಾಡಿ ತುಂಬಿ, ಮುಚ್ಚಳ ಹಾಕಿ ಕೊಟ್ಟಳು. "ಬರೋ ವಾರ ತಂದ ಕೊಡ ಮತ್ತ."

ಬರುವ ವಾರ ಅದು ಶೇಂಗಾ ಉಂಡಿ ಹೊತ್ತು ಹೋಯಿತು. ಅದರ ಮುಂದಿನ ವಾರ ತೆಂಗಿನಕಾಯಿ ಬರ್ಫಿ ಹೊತ್ತು ಬಂತು. ಮಳೆಗಾಲ ಕಳೆದರೂ ಕಿಟ್ಲಿಯ ತಿರುಗಾಟ ನಿಲ್ಲಲಿಲ್ಲ.

"ಕಿಟ್ಲಿ ಖಾಲಿ ಕೊಟ್ಟು ಬಂದ್ಬಿಡು," ಎಂದ ಶಹಾಬುದ್ದೀನ ಒಂದು ದಿನ. "ಮುಚ್ಚಳರ ನಿನ್ನ ಕಡೆ ಉಳೀತೈತಿ."

"ಖಾಲಿ ಕೊಟ್ರ ನಮ್ಮವ್ವ ಗೋರಿಯಾಗಿಂದ ಎದ್ದು ಬರ್ತಾಳ. ಸುಮ್ನ ಕುಂತು ಬುದ್ಧಿ ಹೇಳಬ್ಯಾಡ್ರಿ, ಆ ಶೇಂಗಾದ ಸಿಪ್ಪಿ ತಗೀರಿ," ಎಂದಳು ರೋಷನಬಿ. "ಹತ್ತೂವರಿ ಬಸ್ ಹೋಗತೈತಿ."